ಇರುವೆ ಮುತ್ತಿದ ಚುಟ್ಟಾ

"ಅಲ್ಲಾಡಬ್ಯಾಡ! ಅಲ್ಲಾಡಿದ್ರ ಕುತ್ತಿಗಿ ಹಾರಸ್ತೀನಿ!"

ನಾನು ಅಲ್ಲಾಡಲಿಲ್ಲ.

ಕತ್ತಿನ ಹಿಂದೆ ಕಬ್ಬಿಣದ ನಳಿಗೆ ಒತ್ತಿತ್ತು. ಎರಡೂ ಮೊಣಕಾಲು ಜಾಲಿಮುಳ್ಳಿನ ಮೇಲೆ. ನಾರಾಯಣಪುರದ ಹಳೇ ಶಿವನ ಗುಡಿಯ ಹಿಂಭಾಗ. ಬೆಳಗಿನ ಹತ್ತು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಕಣ್ಣೆದುರಿಗೆ ನೆಲದ ಮೇಲೆ ಸೇದಿ ಬಿಸಾಕಿದ ಒಂದು ಚುಟ್ಟಾದ ತುಂಡು. ಅದರ ಬಾಯಿಗಿಡುವ ತುದಿಗೆ ಕೆಂಪಿರುವೆ ಮುತ್ತಿದ್ದವು.

ಅದನ್ನು ನೋಡಲು ಬಗ್ಗಿದ್ದೇ ತಪ್ಪಾಯಿತು!

"ಯಾರು ಕಳಿಸ್ಯಾರ ನಿನ್ನ?"

"ಎದುರಿಗೆ ಬಂದು ಕೇಳು. ನನ್ನ ಮೊಣಕಾಲು ಸರಿ ಇಲ್ಲ."

"ಯಾರು ಅಂತ ಕೇಳಾಕತ್ತೇನಿ!"

"ಹುಮನಾಬಾದಿನ ದತ್ತಾತ್ರಿ."

ನಳಿಗೆ ಇನ್ನಷ್ಟು ಒಳಗೆ ಹೋಯಿತು. ಹಿಂದಿನವನ ಉಸಿರು ಏರುತ್ತಿತ್ತು. ಹದಿನೆಂಟು ವರ್ಷದ ಪೊಲೀಸ್ ನೌಕರಿಯಲ್ಲಿ ಮೂರು ಸಲ ನನ್ನ ಕುತ್ತಿಗೆಗೆ ಬಂದೂಕು ಇಟ್ಟಿದ್ದರು. ಮೂರೂ ಸಲ ಬೆವೆತಿದ್ದೆ. ಈ ಸಲ ಬೆವರಲೂ ಬೇಸರ. ಆಗೋದು ಬೇಗ ಆಗಿಹೋಗಲಿ ಅನ್ನಿಸಿತು.

ಅಷ್ಟರಲ್ಲಿ ಗುಡಿಯ ಆಚೆಯ ಮನೆಯಿಂದ ಮುದುಕಿಯೊಬ್ಬಳ ಕೂಗು...

"ಕರೀಂ! ಏ ಕರೀಂ! ನನ್ನ ಊದುಗೊಳವಿ ಎಲ್ಲಿ ಒಯ್ದಿಯೋ? ಒಲಿ ಆರಾಕತ್ತದ!"

ಕತ್ತಿನ ಮೇಲಿನ ನಳಿಗೆ ಸಡಿಲವಾಯಿತು.

ಆಮೇಲೆ ನಾನು ತಿರುಗಿದೆ. ಮಣಿಕಟ್ಟು ಹಿಡಿದು ತಿರುವಿದೆ. ಅವನು ಅಂಗಾತ ಬಿದ್ದ. ಅವನ ಕೈಯಿಂದ ಜಾರಿದ್ದು ಮಸಿ ಹತ್ತಿದ, ಮೊಳದುದ್ದದ, ಒಲೆ ಊದುವ ಕೊಳವೆ!

"ಅಬ್ದುಲ್ ಕರೀಂ ನೀನೇನು?"

"ಹೌದ್ರಿ," ಅಂದ. ಮೂವತ್ತರ ಪ್ರಾಯ. ಎಲುಬು, ಚರ್ಮ, ಎರಡು ಕಣ್ಣು. ಅಷ್ಟೇ ಮನುಷ್ಯ.

ನಾನು ಯಾರು ಅಂತ ಹೇಳಲೇ ಇಲ್ಲ ನೋಡಿ. ನಾನು ಪಂಡರಿ. ನಿಜಾಮರ ಪೊಲೀಸಿನಲ್ಲಿ ಜಮಾದಾರನಾಗಿದ್ದೆ. ಮೊಣಕಾಲು ಕೆಟ್ಟವು, ನೌಕರಿ ಬಿಟ್ಟೆ. ಆಮೇಲೆ ಹುಮನಾಬಾದಿನಲ್ಲಿ ಕೂತು ಜನರನ್ನು ಹುಡುಕಿಕೊಡುವ ಕೆಲಸ ಹಿಡಿದೆ. ಓಡಿಹೋದ ಗಂಡ, ಮುನಿಸಿಕೊಂಡ ಮಗ, ತಲೆಮರೆಸಿಕೊಂಡ ಸಾಕ್ಷಿ... ಯಾರೇ ಆಗಲಿ. ಎಲ್ಲಿದ್ದಾನೆ ಅಂತ ತೋರಿಸುವುದಷ್ಟೇ ನನ್ನದು. ಯಾಕೆ ಅಂತ ಕೇಳುತ್ತಿರಲಿಲ್ಲ.

ಹಿಂದಿನ ವರ್ಷ ಮುಡಬಿಯಲ್ಲಿ ಒಬ್ಬನನ್ನು ತೋರಿಸಿಕೊಟ್ಟಿದ್ದೆ. ನಾಲ್ಕನೆಯ ದಿನ ಅವನು ಬಾವಿಯಲ್ಲಿ ತೇಲಿದ. ಆಮೇಲೂ ನಾನು ಕೇಳಲಿಲ್ಲ. ಆದರೆ ಮೈಯೊಳಗೆ ಏನೋ ಭಾರ ಕೂತುಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ದಣಿವು. ಕೂತರೆ ದಣಿವು.

ಅದು ಸಾವಿರದ ಒಂಬೈನೂರ ನಲವತ್ತಮೂರು. ಯುದ್ಧದ ಕಾಲ. ಪೆಟ್ರೋಲ್ ಕಣ್ಣಿಗೆ ಬೀಳುತ್ತಿರಲಿಲ್ಲ. ಲಾರಿಗಳೆಲ್ಲ ಇದ್ದಲಿನ ಗ್ಯಾಸ್ ಮೇಲೆ ಓಡುತ್ತಿದ್ದವು. ದತ್ತಾತ್ರಿಗೆ ಅಂಥ ಲಾರಿ ಇತ್ತು. ಚೌಕಿನಲ್ಲಿ ಮನೆ, ಊರ ತುಂಬ ಮಾನ. ಅವನು ನನ್ನನ್ನು ಕರೆಸಿದ.

"ಜಮಾದಾರ, ಕಲ್ಯಾಣಿ ಕಡೆಯ ಅಬ್ದುಲ್ ಕರೀಂ ಅಂತ ಒಬ್ಬ. ನನ್ನ ಮನಿಗಿ ಬಂದು ಏನೇನೋ ಒದರಿ ಹೋಗ್ಯಾನ. ಎಲ್ಲಿ ಅದಾನ ನೋಡು. ಅವನ ಜೋಡಿ ಯಾರರ ಅದಾರೇನು, ಅದನ್ನೂ ನೋಡು."

ಈಗ ನೀವು ಬಸವಕಲ್ಯಾಣ ಅನ್ನುತ್ತೀರಲ್ಲ, ಆಗ ಅದು ಕಲ್ಯಾಣಿ.

ಕರೀಂ ದತ್ತಾತ್ರಿಯ ಅಂಗಳದಲ್ಲಿ ಒಂದು ಚುಟ್ಟಾದ ತುಂಡು ಬಿಟ್ಟುಹೋಗಿದ್ದ. ಅದರ ತುದಿಗೂ ಇರುವೆ! ಎತ್ತಿ ಮೂಸಿದೆ. ಬೆಲ್ಲದ ವಾಸನೆ. ಚುಟ್ಟಾಕ್ಕೆ ಬೆಲ್ಲ ಹಚ್ಚುವವರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರು? ಕಲ್ಯಾಣಿಯ ಕೋಟೆ ಕೆಳಗೆ ಪಾನ್ ಅಂಗಡಿ ಇಟ್ಟಿದ್ದ ಮುನ್ನಿ ಬೀಯನ್ನು ಕೇಳಿದೆ.

"ಬರ್ಮಾ ಚುಟ್ಟಾ ಅದ," ಅಂದಳು. "ಆ ಕರೀಂ ತಂದು ಕೊಡ್ತಾನ. ನಾರಾಯಣಪುರದಾಗ ಅವನ ಫುಪ್ಪು, ಅದೇ ಸ್ವಾದರತ್ತಿ, ಮನಿ ಅದಲ್ಲ, ಅಲ್ಲೇ ಇರ್ತಾನ."

ಕೇಸ್ ಮುಗಿಯಿತು! ಮರುದಿನ ಬೆಳಗಿನ ಐದರ ಮೋಟರ್ ಬಸ್ಸಿನ ಡ್ರೈವರ್ ಕೈಯಲ್ಲಿ ದತ್ತಾತ್ರಿಗೆ ಚೀಟಿ ಕಳಿಸಿದೆ. 'ನಾರಾಯಣಪುರ, ಗುಡಿಯ ಹತ್ತಿರ.' ಆಮೇಲೆ, ಜೊತೆಗೆ ಯಾರಿದ್ದಾರೆ ನೋಡೋಣ ಅಂತ ನಡೆದು ಬಂದೆ. ಊದುಗೊಳವೆಗೆ ಸಿಕ್ಕಿಬಿದ್ದೆ.

ಕರೀಂ ಎದ್ದು ಕೂತ. ಓಡಲಿಲ್ಲ. ಅಂಗಿಯ ಕಿಸೆಯಿಂದ ಎರಡು ಚುಟ್ಟಾ ತೆಗೆದ.

"ಒಂದು ಸೇದ್ರಿ ಸಾಬ್. ಆಮ್ಯಾಲ ಹಿಡಕೊಂಡು ಹೋಗೂದಿದ್ರ ಹೋಗ್ರಿ."

ತೆಗೆದುಕೊಂಡೆ. ಹಸಿರು ಬಣ್ಣದ ಎಲೆ ಸುತ್ತಿತ್ತು. ಒಂದು ಕಡೆ ಮೆಕ್ಕೆಜೋಳದ ಸಿಪ್ಪೆ ಮಡಚಿ ತುರುಕಿತ್ತು. ಅಲ್ಲಿ ಕೈ ಅಂಟುತ್ತಿತ್ತು. ನಾನು ಹದಿನಾಲ್ಕನೇ ವಯಸ್ಸಿನಿಂದ ಸೇದಿದ್ದು ಕಪ್ಪು ತಂಬಾಕಿನ ಚುಟ್ಟಾ. ಒಮ್ಮೆ ಜಗ್ಗಿದರೆ ಎದೆಗೆ ಕುದುರೆ ಒದ್ದಂತೆ. ಅದಕ್ಕೇ ಕಡ್ಡಿ ಗೀರಿ, ಹಲ್ಲು ಕಚ್ಚಿ, ಒದೆತಕ್ಕೆ ತಯಾರಾಗಿ ಜಗ್ಗಿದೆ.

ಒದೆತ ಬರಲೇ ಇಲ್ಲ!

ಮೊದಲು ತುಟಿಗೆ ಸಿಹಿ ತಾಗಿತು. ಬೆಲ್ಲ. ಅದರ ಹಿಂದೆ ಸಣ್ಣಗೆ ಹುಣಸೆಯ ಹುಳಿ. ಆಮೇಲೆ ಹೊಗೆ ಬಂತು. ಮೆತ್ತಗೆ. ಗಂಟಲು ತಡೆಯಲಿಲ್ಲ, ಒಳಗೆ ಬಿಟ್ಟುಕೊಂಡಿತು. ಕೆಮ್ಮಿಲ್ಲ, ಉರಿಯಿಲ್ಲ, ಕಣ್ಣಲ್ಲಿ ನೀರಿಲ್ಲ. ಇನ್ನೊಮ್ಮೆ ಜಗ್ಗಿದೆ. ನಾಲಿಗೆ ತನ್ನಷ್ಟಕ್ಕೆ ತುಟಿ ಸವರಿಕೊಂಡಿತು. ನಾಚಿಕೆಯಾಯಿತು.

"ಏನೋ ಇದು? ತಂಬಾಕು ಹಾಕೂದು ಮರತಿಯೇನು?"

"ಮರ್ತಿಲ್ರಿ. ಕಡಿಮಿ ಹಾಕೀನಿ. ಉಳಿದದ್ದು ಬರೇ ಸಣ್ಣ ಕಟ್ಟಿಗಿ ಚೂರು. ಅಲ್ಲಿ ರಂಗೂನದಾಗ ಹೆಣ್ಮಕ್ಕಳೂ ಸೇದ್ತಾರ. ನಾ ಅಲ್ಲೇ ಕಲ್ತಿದ್ದು."

"ಇಲ್ಲಿ ಯಾರ ಸಲುವಾಗಿ ಕಡಿಮಿ ಹಾಕ್ತಿ?"

ಕರೀಂ ನನ್ನ ಮುಖ ನೋಡಿದ.

"ಸಿಕ್ಕೇಬಿಟ್ಟೀನಿ, ಇನ್ನ ಏನು ಮುಚ್ಚಿಡೂದು? ಒಳಗ ಬರ್ರಿ."

ಚುಟ್ಟಾ ಕೈಯಲ್ಲೇ ಹಿಡಿದು ಹೋದೆ. ಕುಲ್ಸುಮ್ ಬೀ, ಅವನ ಸೋದರತ್ತೆ, ಊದುಗೊಳವೆ ಕಸಿದುಕೊಂಡು ಇಬ್ಬರನ್ನೂ ಬೈದಳು. ಒಳಕೋಣೆಯ ಹಗ್ಗದ ಮಂಚದ ಮೇಲೆ ಒಬ್ಬ ಕೂತಿದ್ದ. ಗಡ್ಡ ಎದೆಯವರೆಗೆ. ಬಲಗಾಲು ಮೊಣಕಾಲಿನ ಮೇಲಕ್ಕೇ ಮುಗಿದಿತ್ತು. ಅವನ ಬಾಯಲ್ಲೂ ಅಂಥದೇ ಚುಟ್ಟಾ.

"ಎದಿ ಕೆಟ್ಟದ್ರಿ ನಂದು. ಇದಕ್ಕಿಂತ ಗಟ್ಟಿ ತಡಿಯೂದಿಲ್ಲ," ಅಂದ. "ನಾ ಗುಂಡಪ್ಪ. ಹುಮನಾಬಾದಿನ ದತ್ತಾತ್ರಿ ನಮ್ಮಣ್ಣ."



ಗುಂಡಪ್ಪ ಸತ್ತಿದ್ದ! ಹುಮನಾಬಾದಿನ ಪ್ರತಿ ಮನೆಗೂ ಅದು ಗೊತ್ತು. ಅಣ್ಣತಮ್ಮ ಇಬ್ಬರೂ ರಂಗೂನಿಗೆ ದುಡಿಯಲು ಹೋಗಿದ್ದರು. ಜಪಾನಿನವರ ಬಾಂಬ್ ಬಿತ್ತು. ದತ್ತಾತ್ರಿ ಒಬ್ಬನೇ ಹಡಗು ಹತ್ತಿ ಬಂದ, ತಮ್ಮ ಬಾಂಬಿಗೆ ಹೋದ ಅಂತ ಎದೆ ಬಡಿದುಕೊಂಡ. ಹದಿಮೂರನೇ ದಿನದ ಊಟ ಹಾಕಿಸಿದ. ತಮ್ಮನ ಹೆಂಡತಿ ಯಶೋದಾಬಾಯಿಯ ಬಳೆ ಒಡೆಸಿದ. ಊರು ಅವನನ್ನು ಶ್ರೀರಾಮಚಂದ್ರ ಅಂತ ಕರೆಯಿತು.

"ಬಾಂಬಿನ ಚೂರು ಕಾಲಿಗೆ ಬಡದಿತ್ತು," ಕರೀಂ ಅಂದ. "ನಾವು ಒಂದೇ ಓಣಿಯಾಗ ಇದ್ದಿವ್ರಿ. ಅಣ್ಣ ಇವನ್ನ ಬಂದರದಾಗ ಬಿಟ್ಟು ಹ್ವಾದ. ಎರಡು ದಿನ ಅಲ್ಲೇ ಬಿದ್ದಿದ್ದ. ನಾ ಎತ್ತಿಕೊಂಡೆ."

"ಹ್ಯಾಂಗ ಬಂದ್ರಿ?"

"ಅರ್ಧ ಹಾದಿ ಗಾಡಿ, ಅರ್ಧ ಹಾದಿ ನನ್ನ ಬೆನ್ನು. ಗುಡ್ಡ, ಕಾಡು... ಸತ್ತವರನ್ನ ದಾಟಕೊಂತ ಬಂದಿವಿ. ಚಿತ್ತಗಾಂಗ್ ಆಸ್ಪತ್ರಿಯಾಗ ಕಾಲು ತಗದ್ರು. ಅಲ್ಲೇ ಕುಂತು ಚುಟ್ಟಾ ಸುತ್ತಿ ಹೊಟ್ಟಿ ಹೊರದೆ. ಈಗ ತಿಂಗಳಾತು ಬಂದು."

"ಹುಮನಾಬಾದಿಗೆ ಸೀದಾ ಯಾಕ ಹೋಗಲಿಲ್ಲ?"

"ಮೊದಲು ವೈನಿಗಿ, ಇವನ ಹೆಂಡತಿಗಿ, ಸುದ್ದಿ ಹೇಳ್ಬೇಕಂತ ಹ್ವಾದೆ. ಬಾಗಲದಾಗ ಅಣ್ಣ ಸಿಕ್ಕ. ಇವ ಬದುಕ್ಯಾನ ಅಂದ ಕೂಡಲೇ ಅವನ ಮಾರಿ ನೋಡಿದೆ..." ಕರೀಂ ತಲೆ ಅಲ್ಲಾಡಿಸಿದ. "ಎಲ್ಲಿ ಅದಾನ, ಎಲ್ಲಿ ಅದಾನ ಅಂತ ಅದೊಂದೇ ಕೇಳಿದ. ಹ್ಯಾಂಗ ಅದಾನ ಅಂತ ಕೇಳಲೇ ಇಲ್ರಿ! ನಾ ಓಡಿ ಬಂದೆ."

ಚುಟ್ಟಾ ಅರ್ಧ ಮುಗಿದಿತ್ತು. ಇನ್ನೊಮ್ಮೆ ಜಗ್ಗಿದೆ. ಸಿಹಿ ಇನ್ನೂ ಇತ್ತು. ಚುಟ್ಟಾ ಬಾಯಿಂದ ತೆಗೆದೆ.

"ಕರೀಂ... ನಾ ಚೀಟಿ ಕಳಿಸೀನಿ."

"ಯಾವಾಗ?"

"ಬೆಳಗಿನ ಮೋಟರಿಗೆ."

ಗುಂಡಪ್ಪ ಕಣ್ಣು ಮುಚ್ಚಿದ. ಕುಲ್ಸುಮ್ ಬೀ ಒಲೆಯ ಮುಂದಿನಿಂದ ಎದ್ದು ಬಂದಳು.

"ಅವನ್ನ ಕೊಲ್ಲಾಕ ಬರ್ತಾರೇನು ಬೇಟಾ?"

ಉತ್ತರ ಕೊಟ್ಟಿದ್ದು ದೂರದ ಲಾರಿ. ಕೆಮ್ಮುತ್ತ, ಉಗುಳುತ್ತ, ಕಲ್ಯಾಣಿ ಹಾದಿಯಿಂದ ಬರುತ್ತಿತ್ತು.

ಗೋಡೆಗೆ ಒರಸಿ ಚುಟ್ಟಾ ಆರಿಸಿದೆ.

"ಕರೀಂ, ಇವನ್ನ ಬೆನ್ನಿಗಿ ಹಾಕೊ. ನಾ ಸೀಟಿ ಹೊಡದ್ರ ಬಾ. ಹೊಡೀಲಿಲ್ಲ ಅಂದ್ರ ಹೊಲದ ಕಡೆ ಓಡು!"

ಲಾರಿ ಊರ ಮುಂದೆ ನಿಂತಿತು. ಇಂಜಿನ್ ಆರಿಸಲಿಲ್ಲ. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಸಲು ಅರ್ಧ ಗಂಟೆ ಬೇಕು. ಇಳಿದವನು ನರಸಿಂಗ. ದತ್ತಾತ್ರಿಯ ಪೈಲ್ವಾನ. ಕೈಯಲ್ಲಿ ಕೊಡಲಿ.

"ಎಲ್ಲಿ ಅದಾರ?"

"ಗುಡಿಯೊಳಗ. ಇಬ್ಬರು. ನನ್ನ ಕುತ್ತಿಗಿಗಿ ನಳಿಗಿ ಇಟ್ಟಿದ್ರು. ಗುರ್ತು ನೋಡು."

ನರಸಿಂಗ ನನ್ನ ಕುತ್ತಿಗೆಯ ದುಂಡನೆಯ ಕಲೆ ನೋಡಿದ.

"ಬಂದೂಕ ಅದ ಏನು ಅವರ ಕಡೆ?"

"ಮುಂದಿನ ಬಾಗಲಿಂದ ಹ್ವಾದ್ರ ಸಾಯ್ತಿ. ಹಿಂದಿನಿಂದ ಹೋಗು. ಹೊಟ್ಟಿ ಮ್ಯಾಲ, ತೆವಳಕೊಂತ."

ಹೋದ! ಆರಡಿ ಪೈಲ್ವಾನ ಜಾಲಿಮುಳ್ಳಿನೊಳಗೆ ಹೊಟ್ಟೆಯೆಳೆದುಕೊಂಡು ಹೋದ.

ನಾನು ಡ್ರೈವರ್ ಮೊಹಿನುದ್ದೀನ್ ಕಡೆ ತಿರುಗಿದೆ. ಹಳೇ ಪರಿಚಯ. ಸೀಟಿ ಹೊಡೆದೆ.

ಕರೀಂ ಬಂದ. ಹೊತ್ತು ಹೊತ್ತು ರೂಢಿಯಾದ ಬೆನ್ನು. ಮೊಹಿನುದ್ದೀನ್ ನೋಡಿದ.

"ಯಾ ಅಲ್ಲಾ! ಗುಂಡಪ್ಪಣ್ಣಾ... ನಿನ್ನ ಹದಿಮೂರನೇ ದಿನದ ಊಟ ಉಂಡೀನಲ್ಲಪ್ಪ ನಾನು! ಎರಡು ಸಲ ಹೋಳಿಗಿ ಹಾಕಿಸ್ಕೊಂಡಿದ್ದೆ!"

"ಛಲೋ ಆಗಿದ್ವೇನು?" ಕರೀಂನ ಹೆಗಲ ಮೇಲಿಂದ ಗುಂಡಪ್ಪ ಕೇಳಿದ.

"ಮೊಹಿನುದ್ದೀನ್, ಲಾರಿ ತಿರುಗಿಸು. ಹುಮನಾಬಾದಿಗೆ. ಚೌಕಿನ ನಡುವ ಇವನ್ನ ಇಳಿಸಬೇಕು. ಊರೆಲ್ಲ ನೋಡಿದ ಮ್ಯಾಲ ಯಾರೂ ಇವನ್ನ ಮುಟ್ಟಾಂಗಿಲ್ಲ."

"ನನ್ನ ನೌಕರಿ ಹೋಗ್ತದ ಪಂಡರಿ ಭಾಯಿ."

"ಹೋಗ್ತದ."

"ಇಲ್ಲ ಅಂತ ಒಂದು ಸುಳ್ಳರ ಹೇಳು!"

"ಇವತ್ತ ಆಗೂದಿಲ್ಲಪ್ಪ. ದಣದೀನಿ."

ಅವನು ನನ್ನನ್ನೊಮ್ಮೆ, ಗುಂಡಪ್ಪನನ್ನೊಮ್ಮೆ ನೋಡಿ ಗೇರ್ ಹಾಕಿದ.

ಲಾರಿ ಹೊರಟಿತು ಅಂದರೆ ಓಡಿತು ಅಂತ ತಿಳಿಯಬೇಡಿ. ಇದ್ದಲಿನ ಲಾರಿ! ಎಮ್ಮೆಯೂ ನಮ್ಮನ್ನು ಹಿಂದೆ ಹಾಕುತ್ತಿತ್ತು. ಕರೀಂ, ಗುಂಡಪ್ಪ, ನಾನು ಹಿಂದೆ ಚೀಲಗಳ ಮೇಲೆ. ಪಕ್ಕದಲ್ಲೇ ಗ್ಯಾಸಿನ ಉದ್ದನೆಯ ಡಬ್ಬಿ, ಕೆಂಪಗೆ ಕಾದಿತ್ತು. ಊರ ಹೊರಗಿನ ಏರು ಬಂತು. ಇಂಜಿನ್ ಏದುಸಿರು ಬಿಟ್ಟಿತು.

ಆಗ ಕೂಗು ಕೇಳಿತು.

ನರಸಿಂಗ! ಮೈತುಂಬ ಮುಳ್ಳು, ಕಣ್ಣಲ್ಲಿ ರಕ್ತ. ಓಡಿ ಬರುತ್ತಿದ್ದ.

"ಜೋರ ಬಿಡೋ ಮೊಹಿನುದ್ದೀನ್!"

"ಇದಾ ಜೋರು ಭಾಯಿ!"

ಇಪ್ಪತ್ತು ಹೆಜ್ಜೆ... ಹತ್ತು... ಒಂದು ಕೈ ಹಿಂದಿನ ಹಲಗೆ ಹಿಡಿಯಿತು. ಒಂದು ಕಾಲು ಮೇಲೆ ಬಂತು. ಕೊಡಲಿ ಎದ್ದಿತು. ಕರೀಂ ಗುಂಡಪ್ಪನ ಮೇಲೆ ಅಡ್ಡ ಬಿದ್ದ. ನಾನು ಎದ್ದೆ, ಮೊಣಕಾಲು ಕೈಕೊಟ್ಟಿತು, ಬಿದ್ದೆ. ಆ ಬಿದ್ದದ್ದೇ ನನ್ನನ್ನು ಉಳಿಸಿತು. ಕೊಡಲಿ ನನ್ನ ಭುಜದ ಚರ್ಮ ಸವರಿ ಚೀಲಕ್ಕೆ ಕಚ್ಚಿಕೊಂಡಿತು.

ಅವನು ಅದನ್ನು ಕೀಳುವ ಮೊದಲು, ರುಮಾಲು ಕೈಗೆ ಸುತ್ತಿಕೊಂಡು ಗ್ಯಾಸ್ ಡಬ್ಬಿಯ ಮುಚ್ಚಳ ತೆರೆದೆ.

ಭಗ್ಗ್!

ಆಳೆತ್ತರ ಬೆಂಕಿ! ನರಸಿಂಗನ ಮೀಸೆ, ಹುಬ್ಬು, ತಲೆಗೆ ಸುತ್ತಿದ ಪಟಗಾದ ತುದಿ... ಎಲ್ಲ ಒಂದೇ ಸಲ ಚುರುಗುಟ್ಟಿದವು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಲಾರಿಯ ಮೇಲೆ ನಿಂತವನು ಎರಡೂ ಕೈ ಬಿಡಬಾರದು.

ಧೂಳಿನಲ್ಲಿ ಉರುಳಿ ಹೋದ. ಎದ್ದು ಕೂತದ್ದು ಕಂಡಿತು. ಅಷ್ಟು ಸಾಕು.

ಮುಚ್ಚಳ ಹಾಕಿದೆ. ಇಂಜಿನ್ ಉಸಿರು ಕಟ್ಟಿ ಸತ್ತಿತ್ತು. ಆದರೆ ಏರು ಮುಗಿದಿತ್ತು. ಇಳಿಜಾರಿನಲ್ಲಿ ಲಾರಿ ತಾನೇ ಉರುಳಿತು, ಉರುಳುತ್ತಲೇ ಮತ್ತೆ ಕೆಮ್ಮಿ ಜೀವ ಹಿಡಿಯಿತು.

ಕಲ್ಯಾಣಿ ಹಾದು, ರಾಜೇಶ್ವರ ದಾಟಿ ಹುಮನಾಬಾದು ಮುಟ್ಟುವಾಗ ಮಧ್ಯಾಹ್ನ ಒಂದೂವರೆ. ನನ್ನ ಭುಜಕ್ಕೆ ಕರೀಂ ತನ್ನ ತಂಬಾಕಿನ ಪುಡಿಯನ್ನೇ ಒತ್ತಿ ಕಟ್ಟಿದ್ದ. ಉರಿಯುತ್ತಿತ್ತು. ಇದಕ್ಕೆ ಮಾತ್ರ ಕಡಿಮೆ ಹಾಕಿರಲಿಲ್ಲ!

ಸಂತೆಯ ದಿನ. ಚೌಕಿನ ತುಂಬ ಜನ. ದತ್ತಾತ್ರಿಯ ಮನೆಯ ಮುಂದೆ ಲಾರಿ ನಿಲ್ಲಿಸಿ ಮೊಹಿನುದ್ದೀನ್ ಹಾರ್ನ್ ಹಿಡಿದ. ಬಿಡಲಿಲ್ಲ. ಜನ ಸೇರಿದರು. ಕರೀಂ ಗುಂಡಪ್ಪನನ್ನು ಇಳಿಸಿ ಕಟ್ಟೆಯ ಮೇಲೆ ಕೂಡಿಸಿದ.

"ಗುಂಡಪ್ಪ!" ಯಾರೋ ಚೀರಿದರು.

ದತ್ತಾತ್ರಿ ಹೊರಗೆ ಬಂದ. ತಮ್ಮನನ್ನು ನೋಡಿದ. ನನ್ನನ್ನು ನೋಡಿದ. ಜನರನ್ನು ನೋಡಿದ. ಒಂದು ಉಸಿರಿನಷ್ಟು ಹೊತ್ತು...

ಆಮೇಲೆ ಓಡಿ ಬಂದು ತಮ್ಮನನ್ನು ತಬ್ಬಿಕೊಂಡ!

"ನನ್ನ ತಮ್ಮಾ! ದೇವರು ನಿನ್ನ ಹೊಳ್ಳಿ ಕೊಟ್ಟನಲ್ಲೋ!"

ಅಳು ಅಂದರೆ ಅಂಥ ಅಳು! ಸಂತೆಯ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಒಬ್ಬ ತೆಂಗಿನಕಾಯಿ ತರಲು ಓಡಿದ. ಇನ್ನೊಬ್ಬ ದತ್ತಾತ್ರಿಗೆ ಜಯಕಾರ ಹಾಕಿದ. ಗೆದ್ದುಬಿಟ್ಟ ಅಂದುಕೊಂಡೆ. ಇಂಥವರು ಎಲ್ಲಿಯೂ ಗೆಲ್ಲುತ್ತಾರೆ.

ಗುಂಡಪ್ಪ ಅಳಲಿಲ್ಲ. ಅಣ್ಣನ ತೋಳು ಮೆಲ್ಲಗೆ ಬಿಡಿಸಿಕೊಂಡ.

"ಅಣ್ಣಾ, ನೀರು ತರ್ತೀನಿ ಅಂತ ಹೋಗಿದ್ದಿ."

ದತ್ತಾತ್ರಿಯ ಅಳು ನಿಂತಿತು.

"ಏನ ನೀರು? ಯಾವ ನೀರು?" ಹಿಂದಿನಿಂದ ಯಾರೋ ಕೇಳಿದರು.

"ರಂಗೂನದ ಬಂದರದಾಗ," ಗುಂಡಪ್ಪ ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ಕಾಲು ಕೆಟ್ಟವರನ್ನ ಹಡಗಿಗಿ ಹತ್ತಸೂದಿಲ್ಲ ಅಂದ್ರು. ಅಣ್ಣ ನನ್ನ ಗ್ವಾಡಿಗಿ ಕೂಡಿಸಿದ. ಬಾಯಿ ಒಣಗ್ಯದ ಅಂದೆ. ನೀರು ತರ್ತೀನಿ, ಇಲ್ಲೇ ಕೂಡು ಅಂದ. ಕುಂತೆ. ಆಮ್ಯಾಲ ಅವ ಹಡಗಿನ ಮ್ಯಾಲ ನಿಂತಿದ್ದು ಕಂಡೆ. ಕೈ ಮಾಡಿ ಕರದೆ. ಮಾರಿ ತಿರುಗಿಸಿದ."



ಬಾಗಿಲಲ್ಲಿ ಯಶೋದಾಬಾಯಿ ನಿಂತಿದ್ದಳು. ಬರೀ ಹಣೆ, ಬರೀ ಕೈ. ಗಂಡನನ್ನು ನೋಡುತ್ತಲೇ ನಿಂತಳು. ಅವನ ಮುಖ, ಅವನ ಗಡ್ಡ, ಇಲ್ಲದ ಕಾಲು. ಓಡಿ ಬರಲಿಲ್ಲ. ಒಳಗೆ ಹೋದಳು. ಹಿತ್ತಾಳೆಯ ತಂಬಿಗೆ ತುಂಬ ನೀರು ತಂದಳು. ಮೆಟ್ಟಿಲಿಳಿದು ದತ್ತಾತ್ರಿಯ ಮುಂದೆ ಹಿಡಿದಳು.

"ಕೊಡ್ರಿ ಭಾವಾ."

ಅವನು ತೆಗೆದುಕೊಂಡ. ತೆಗೆದುಕೊಳ್ಳದೆ ಗತಿ ಇರಲಿಲ್ಲ. ಇಡೀ ಸಂತೆ ನೋಡುತ್ತಿತ್ತು. ಮೂರೇ ಹೆಜ್ಜೆ ಇತ್ತು ತಮ್ಮನವರೆಗೆ. ಒಂದು ಇಟ್ಟ. ನೀರು ತುಳುಕಿ ಧೋತರಕ್ಕೆ ಬಿತ್ತು. ಎರಡನೇ ಹೆಜ್ಜೆ ಏಳಲಿಲ್ಲ. ಅಲ್ಲೇ ಕುಸಿದು ಕೂತ. ತಂಬಿಗೆ ಉರುಳಿತು.

ಯಾರೂ ಅವನನ್ನು ಹೊಡೆಯಲಿಲ್ಲ. ಬೈಯಲೂ ಇಲ್ಲ. ಜಯಕಾರ ಹಾಕಿದವನು ಮೊದಲು ಬೆನ್ನು ತಿರುಗಿಸಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಯಶೋದಾಬಾಯಿ ತಂಬಿಗೆ ಎತ್ತಿಕೊಂಡು ಮತ್ತೆ ತುಂಬಿ ತಂದಳು. ಈ ಸಲ ಮೊದಲು ಕರೀಂಗೆ ಕೊಟ್ಟಳು.

"ಕುಡಿಯಪ್ಪ. ಹೊತ್ತು ದಣದಿ."

ಅವನು ಕುಡಿದು ಗುಂಡಪ್ಪನಿಗೆ ದಾಟಿಸಿದ. ಆಗ ಅವಳು ಗಂಡನ ಪಕ್ಕ ಕಟ್ಟೆಯ ಮೇಲೆ ಕೂತಳು. ಅಳತೊಡಗಿದಳು.

ನಾನು ಅಲ್ಲಿಂದ ಸರಿದೆ. ದತ್ತಾತ್ರಿ ಧೂಳಿನಿಂದಲೇ ತಲೆಯೆತ್ತಿ ನೋಡಿದ.

"ನನ್ನ ಕೆಲಸಕ್ಕ ಹ್ವಾದಾಂವ ನೀನು... ನನ್ನ ಮನಿ ಮುರಿದ್ಯಲ್ಲೋ ಜಮಾದಾರ!"

ಹೇಳಲು ತಕ್ಕ ಉತ್ತರವೊಂದು ಬಾಯಿಗೆ ಬಂದಿತ್ತು. ಹೇಳುವಷ್ಟು ಶಕ್ತಿ ಇರಲಿಲ್ಲ.

ಆ ದಿನ ಹುಮನಾಬಾದಿನ ಎಷ್ಟೋ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲವಂತೆ... ನಾನು ಖಾನಾವಳಿಗೆ ಹೋಗಿ ಐದು ರೊಟ್ಟಿ ತಿಂದು, ಮುಡಬಿಯ ಆ ಬಾವಿಯ ನಂತರ ಮೊದಲ ಸಲ, ತಾಟಿನ ಮುಂದೆ ಕೂತಲ್ಲೇ ಗೊರಕೆ ಹೊಡೆದೆ!